ಮುಷ್ಟಿ ಬಿಡುವ ವಿದ್ಯೆ

ಉಪ್ಪಿಟ್ಟಿನ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕಿದೆ. ಉಳಿದ ಅಡುಗೆಯಲ್ಲಿ ನಾನು ಎಂಥವಳು ಎಂಬುದನ್ನು ನಮ್ಮ ಮನೆಯವರು ಬೇಕಾದಷ್ಟು ಕಡೆ ಹೇಳಿಕೊಂಡು ತಿರುಗಿದ್ದಾರೆ. ನಾನು ಮೊದಲ ಸಲ ಮಾಡಿದ ಹೋಳಿಗೆಯನ್ನು ರಟ್ಟಿಗೆ ಹೋಲಿಸಿದ ಪುಣ್ಯಾತ್ಮರು ಅವರು. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಾದ್ದರಿಂದ ರಟ್ಟಿನ ವಿಷಯದಲ್ಲಿ ಅವರ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ. ಆದರೆ ಉಪ್ಪಿಟ್ಟಿಗೆ ಬಂದಾಗ ಅವರೂ ಬಾಯಿ ಮುಚ್ಚಿಕೊಂಡು ಎರಡನೆಯ ಸಲ ತಟ್ಟೆ ಮುಂದೆ ಮಾಡುತ್ತಾರೆ. ನಾನು ಮಾಡಿದ ಉಪ್ಪಿಟ್ಟಿನಲ್ಲಿ ಈವರೆಗೆ ಯಾರೂ ಒಂದು ಗಂಟು ಹುಡುಕಿ ತೋರಿಸಿಲ್ಲ.

ಸೊಸೆ ರೇಣುಕಾ ಗಣೇಶಗುಡಿಯ ಹೋಂಸ್ಟೇ ಒಂದರಲ್ಲಿ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುತ್ತಾಳೆ. ಅದಕ್ಕಾಗಿ ತರಬೇತಿ ಪಡೆದವಳು, ಬಿಳಿ ಕೋಟು, ಬಿಳಿ ಟೊಪ್ಪಿಗೆ ಎಲ್ಲಾ ಇದೆ. ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿ ಹಸಿದು ಬರುವ ಜನಕ್ಕೆ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡುವುದೇ ಅವಳಿಗೆ ಒಂದು ತಲೆನೋವಾಗಿತ್ತು. ರವೆ ಹಾಕುವಷ್ಟರಲ್ಲಿ ಒಂದು ಕಡೆ ಗಂಟು, ಇನ್ನೊಂದು ಕಡೆ ಗಂಜಿ. ಮೊನ್ನೆ ಭಾನುವಾರ ಅವಳಿಗೆ ರಜೆ ಇತ್ತು. ನಾನು ಒಲೆಯ ಮುಂದೆ ನಿಂತು, ಎಡಗೈಯಲ್ಲಿ ಸೌಟು ಆಡಿಸುತ್ತ ಬಲಗೈ ಮುಷ್ಟಿಯಿಂದ ಕುದಿಯುವ ನೀರಿಗೆ ರವೆ ಬಿಡುತ್ತಿದ್ದೆ. ಅವಳು ಪಕ್ಕದಲ್ಲಿ ನಿಂತು ನೋಡಿದಳು. ಆಮೇಲೆ ನನ್ನ ಕೈಯನ್ನೇ ಹಿಡಿದುಕೊಂಡಳು.

"ಅತ್ತಿ, ಇದೇನ್ರಿ ಇದು? ನಿಮ್ಮ ಕೈಯಾಗ ಜರಡಿ ಐತೇನು? ಒಂದ ಸವನ ಬೀಳಾಕತ್ತೈತಲ್ಲ. ಎಲ್ಲಿ ಕಲ್ತ್ರಿ ಇದನ್ನ?"

"ಮುಂಡಗೋಡದಾಗ," ಎಂದೆ. "ಸಾಲ್ಯಾಗ."

"ಸಾಲ್ಯಾಗ ಉಪ್ಪಿಟ್ಟು ಮಾಡೂದು ಕಲಸ್ತಿದ್ರ?"

"ಉಪ್ಪಿಟ್ಟಲ್ಲವಾ, ಬಿತ್ತೂದು."

ಅವಳು ನಕ್ಕಳು, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು. ರವೆಯನ್ನು ನೋಡುತ್ತ ನೋಡುತ್ತ ನನ್ನ ತಲೆ ಮಾತ್ರ ಮುಂಡಗೋಡದ ಹುಬ್ಬಳ್ಳಿ ರಸ್ತೆಯ ಬದಿಗಿದ್ದ ಒಂದು ತುಂಡು ಹೊಲಕ್ಕೆ ಹೋಗಿಬಿಟ್ಟಿತ್ತು. ಆ ದಿನ ಉಪ್ಪಿಟ್ಟು ತಳ ಹಿಡಿಯಿತು ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಆದರೆ ಗಂಟಾಗಿರಲಿಲ್ಲ.

ನಾನು ರೈತರ ಮನೆಯ ಮಗಳಲ್ಲ. ಅಪ್ಪ ಧಾರವಾಡದ ಕಡೆಯವರು, ಅಂಚೆ ಇಲಾಖೆಯ ನೌಕರಿಯ ಮೇಲೆ ಮುಂಡಗೋಡಕ್ಕೆ ಬಂದವರು. ಮುಂಬಯಿ ಸರಕಾರದ ಕಾಲದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹೆಮ್ಮೆ ಅವರಿಗೆ ಕೊನೆಯವರೆಗೂ ಇತ್ತು. ಅವರ ಶಾಲೆಯಲ್ಲಿ ಮಕ್ಕಳೆಲ್ಲ ತಕಲಿ ತಿರುಗಿಸಿ ನೂಲು ತೆಗೆಯಬೇಕಾಗಿತ್ತಂತೆ, ಹಿತ್ತಲಲ್ಲಿ ಬದನೆ ಮಡಿ ಮಾಡಬೇಕಾಗಿತ್ತಂತೆ. "ನಾ ತೆಗೆದ ನೂಲಿಂದ ಒಂದು ಚೌಕ ಆಗಿತ್ತು ನೋಡು" ಎಂದು ಅಪ್ಪ ಹೇಳುತ್ತಿದ್ದರು. ಆ ಚೌಕವನ್ನು ನಾವು ಯಾರೂ ನೋಡಿದ್ದಿಲ್ಲ. ಅದು ಕರವಸ್ತ್ರದಷ್ಟಿತ್ತೋ ಕಂಬಳಿಯಷ್ಟಿತ್ತೋ, ಅಪ್ಪನ ಮನಸ್ಸು ಆ ದಿನ ಹೇಗಿದೆ ಎಂಬುದರ ಮೇಲೆ ಹೋಗುತ್ತಿತ್ತು.

ಮಕ್ಕಳಿಗೆ ಕೈಕೆಲಸ ಕಲಿಸುವ ಈ ಹುಚ್ಚು ಬಹಳ ಹಳೆಯದು. ಹೆಸರು ಮಾತ್ರ ಆಗಾಗ ಬದಲಾಗುತ್ತ ಬಂದಿದೆ. ಅಪ್ಪನ ಕಾಲಕ್ಕೆ ಮೂಲಶಿಕ್ಷಣ ಎಂದರು, ಆಮೇಲೆ ಕೈಕಸುಬು ಎಂದರು, ಕಾರ್ಯಾನುಭವ ಎಂದರು, ವೃತ್ತಿಶಿಕ್ಷಣ ಎಂದರು. ಈಗ ನನ್ನ ಸೊಸೆಯ ಕಾಲಕ್ಕೆ ಕೌಶಲ್ಯ ಎನ್ನುತ್ತಾರೆ. ಹೆಸರು ಏನೇ ಇಟ್ಟರೂ ಅಪ್ಪ-ಅಮ್ಮಂದಿರ ಗೊಣಗಾಟ ಮಾತ್ರ ಒಂದೇ: ಹೊಲದಿಂದ ಪಾರಾಗಲಿ ಎಂದು ಮಗನನ್ನು ಶಾಲೆಗೆ ಕಳಿಸಿದರೆ ಈ ಮಾಸ್ತರರು ಮತ್ತೆ ಹೊಲಕ್ಕೇ ಇಳಿಸುತ್ತಾರಲ್ಲ! ನಮ್ಮ ಪ್ರೌಢಶಾಲೆಯಲ್ಲೂ ಈ ಗೊಣಗಾಟ ಇತ್ತು. ಅಲ್ಲಿ ಹುಡುಗರಿಗೆ ಕೃಷಿ, ಹುಡುಗಿಯರಿಗೆ ಹೊಲಿಗೆ. ಯಾರು ಹೀಗೆ ಹಂಚಿದರೋ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ ತಾನೇ ಗೊತ್ತಾಗುವುದು.

ಶಾಲೆಯ ಹೊಲವನ್ನು ಕೊಟ್ಟವರು ಬಸನಗೌಡರು ಎಂಬ ಊರ ಹಿರಿಯರು. ಉದಾರಿಗಳು, ಆದರೆ ಮುಂಗೋಪಿ. ಕೊಡುವಾಗಲೇ ಊರ ಜನರ ಎದುರಿಗೆ ಖಡಾಖಂಡಿತವಾಗಿ ಹೇಳಿದ್ದರಂತೆ: "ಕೃಷಿ ಕಲಿಯೂ ಮಕ್ಕಳು ತಮ್ಮ ಕೈಯಾರ ಬೆಳೀಬೇಕು. ಕೂಲಿ ಆಳು ಹಚ್ಚೂ ಹಂಗಿಲ್ಲ. ಹೊಲ ಹಾಳುಗೆಡವಿದ್ರ ನಂದು ನನಗ." ಅವರ ಮನೆಯಿಂದ ಪೇಟೆಗೆ ಹೋಗುವ ದಾರಿಯಲ್ಲೇ ಹೊಲ. ದಿನಾ ಕೊಡೆ ಊರಿಕೊಂಡು ಬದುವಿನ ಹತ್ತಿರ ನಿಂತು ಒಮ್ಮೆ ನೋಡದೆ ಅವರು ಮುಂದೆ ಹೋದವರಲ್ಲ.

ನಮ್ಮ ಕಡೆ ಭತ್ತ ಬಿತ್ತುವುದು ಹೇಗೆಂದು ತಿಳಿಯದವರಿಗೆ ಎರಡು ಮಾತು. ಮುಂಡಗೋಡ, ಹಳಿಯಾಳದ ಬಯಲಿನಲ್ಲಿ ಹೆಚ್ಚಾಗಿ ಸಸಿ ಕಿತ್ತು ನೆಡುವುದಿಲ್ಲ. ರೋಹಿಣಿ ಮಳೆಯ ಹದ ನೋಡಿ ನೀರು ಕಟ್ಟದ ನೆಲಕ್ಕೇ ಕೂರಿಗೆಯಿಂದ ಬಿತ್ತುತ್ತಾರೆ. ಕೂರಿಗೆಯ ಮೇಲೆ ಮರದ ಬಟ್ಟಲು, ಬಟ್ಟಲಿನ ತೂತುಗಳಿಂದ ಇಳಿಯುವ ಬಿದಿರಿನ ಕೊಳವೆಗಳು, ಕೆಳಗೆ ಮಣ್ಣು ಸೀಳುವ ತಾಳುಗಳು. ಎತ್ತು ಹೊಡೆಯುವವನು ಗಂಡಸು. ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವವಳು ಹೆಂಗಸು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಎತ್ತಿನ ನಡಿಗೆಗೆ ಸರಿಯಾಗಿ, ಎಲ್ಲ ಕೊಳವೆಗಳಿಗೂ ಸಮನಾಗಿ ಕಾಳು ಇಳಿಯುವಂತೆ ಅವಳು ಮುಷ್ಟಿ ಬಿಡಬೇಕು. ಬೆಳೆ ಸಾಲು ಹಿಡಿದು ಹುಟ್ಟಿದರೆ ಊರವರು ಎತ್ತನ್ನು ಹೊಗಳುವುದಿಲ್ಲ, "ಯಾರ ಕೈ?" ಎಂದು ಕೇಳುತ್ತಾರೆ.

ಈಗ ನಮ್ಮ ಶಾಲೆಯ ಬುದ್ಧಿವಂತಿಕೆ ನೋಡಿ. ಬೀಜ ಬಿಡುವುದು ಹೆಂಗಸರ ಕೈಗುಣ. ಅದನ್ನು ಅವ್ವಂದಿರ ಹಿಂದೆ ಓಡಾಡಿ ಕಲಿತ ಹುಡುಗಿಯರೆಲ್ಲ ಒಳಗೆ ಕೂತು ಫ್ರಾಕಿಗೆ ಗುಂಡಿ ಹಚ್ಚುತ್ತಿದ್ದರು. ಮನೆಯಲ್ಲಿ ಎಂದೂ ಬಟ್ಟಲು ಮುಟ್ಟದ ಹುಡುಗರು ಹೊರಗೆ ಕೂರಿಗೆಯ ಹಿಂದೆ ಬೀಜ ಬಿಡುತ್ತಿದ್ದರು. ಕೃಷಿ ಕಲಿಸುವ ಹೆಗಡೆ ಮಾಸ್ತರರು ಆ ವರ್ಷವೇ ಶಿರಸಿ ಕಡೆಯಿಂದ ಬಂದವರು. ಒಳ್ಳೆಯ ಮನುಷ್ಯ, ಮುಚ್ಚುಮರೆ ಇಲ್ಲ. "ನಮ್ಮ ಕಡೆ ಸಸಿ ನೆಡೋದು ಮಾರಾಯ್ರೆ, ಈ ಕೂರಿಗೆ ನಾನು ಪುಸ್ತಕದಲ್ಲಿ ನೋಡಿದ್ದು" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದರು. ಹುಡುಗರು ಗೋಲಿ ಆಡಿದ ಹಾಗೆ ಒಂದೊಂದು ಹಿಡಿ ತುಂಬಿ ಬಟ್ಟಲಿಗೆ ಸುರಿದರು. ಶಾಲೆ ಶುರುವಾದ ಹೊಸದರಲ್ಲಿ ಬಿತ್ತಿದ್ದು ಮೊಳಕೆ ಒಡೆದು ಬಂದಾಗ ಹೊಲ ನೋಡಬೇಕಾಗಿತ್ತು. ಒಂದು ಕಡೆ ಜೊಂಡು ಹುಲ್ಲಿನ ಹಾಗೆ ಕಿಕ್ಕಿರಿದು, ಇನ್ನೊಂದು ಕಡೆ ಬಟಾಬಯಲು. ಹುಬ್ಬಳ್ಳಿ ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ಇಣುಕಿ ನಗುತ್ತಿದ್ದರು.

ಬಸನಗೌಡರು ಬದುವಿನ ಮೇಲೆ ಬಂದು ನಿಂತರು. "ಮಾಸ್ತರ, ಕುರುಡ ಹಜಾಮ ಗಡ್ಡ ಕೆರದಂಗ ಆಗೇತಲ್ರಿ," ಎಂದರು. "ಇನ್ನೂ ಹದ ಐತಿ. ಕುಂಟಿ ಹೊಡದು ಎಲ್ಲಾ ಕಿತ್ತು ತಿರಗಿ ಬಿತ್ರಿ. ಈ ಸಲಾನೂ ಹಿಂಗ ಆತಂದ್ರ, ಬ್ಯಾಡ್ರಿ, ನನ್ನ ಹೊಲ ನನಗ ಬಿಟ್ಟುಬಿಡ್ರಿ."

ಹೆಗಡೆ ಮಾಸ್ತರರ ಮುಖ ಬಿಳಿಚಿಕೊಂಡಿತು. ಹೊಲ ಹೋದರೆ ಕೃಷಿ ವಿಷಯವೇ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದು ಗೊತ್ತಿದ್ದ ಇನ್ನೊಬ್ಬಳು ಕಿಟಕಿಯ ಒಳಗೆ ಸೂಜಿ ಹಿಡಿದು ಕೂತಿದ್ದಳು. ಅವಳು ಮರಿಯಾ.

ಮರಿಯಾ ಸಿದ್ದಿ ಜನಾಂಗದ ಹುಡುಗಿ. ಮುಂಡಗೋಡದಿಂದ ಆಚೆ ಕಾಡಿನಂಚಿನ ಒಂದು ಊರಿನಿಂದ ನಡೆದು ಬರುತ್ತಿದ್ದಳು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ, ಸಿಟ್ಟು ಬಂದಾಗ ಎರಡೂ. ಒಂಬತ್ತನೆಯ ಇಯತ್ತೆಯಲ್ಲಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಧಾರವಾಡದಲ್ಲಿ ಕೃಷಿ ತರಬೇತಿ ಇದೆ, ಶಾಲೆಯಲ್ಲಿ ಕೃಷಿ ಓದಿದವರನ್ನು ಮೊದಲು ತೆಗೆದುಕೊಳ್ಳುತ್ತಾರೆ, ಅದು ಮುಗಿಸಿದರೆ ಊರೂರು ತಿರುಗಿ ರೈತರಿಗೆ ಕಲಿಸುವ ನೌಕರಿ ಸಿಗುತ್ತದೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅಂದಿನಿಂದ ಅವಳಿಗೆ ಅದೊಂದೇ ಧ್ಯಾನ. ನಾನಾದರೋ ಮುಂದೆ ಏನಾಗಬೇಕು ಎಂಬುದನ್ನು ಯೋಚಿಸಿಯೇ ಇರಲಿಲ್ಲ. ಅವಳು ಏನಾಗುತ್ತಾಳೋ ಅದರ ಪಕ್ಕದಲ್ಲಿ ಕೂತರೆ ಸಾಕು ಎಂಬ ಜಾತಿಯವಳು ನಾನು.

ಮರುದಿನ ಹೆಗಡೆ ಮಾಸ್ತರರು ಹೊಲಿಗೆ ತರಗತಿಯ ಬಾಗಿಲಿಗೆ ಬಂದರು. ಹೊಲಿಗೆ ಕಲಿಸುತ್ತಿದ್ದವರು ಶಾಂತಾ ಅಕ್ಕೋರು. ಕಿವಿಯ ಹಿಂದೆ ಪೆನ್ಸಿಲು, ಕೊರಳಲ್ಲಿ ಅಳತೆಯ ಪಟ್ಟಿ, ಬಾಯಲ್ಲಿ ಸದಾ ಒಂದು ಗುಂಡುಸೂಜಿ.

"ಅಕ್ಕೋರೆ, ಒಂದು ದಿನದ ಮಟ್ಟಿಗೆ ಕೆಲವು ಹುಡುಗಿಯರನ್ನು ಕಳಿಸಿಕೊಡ್ತೀರಾ? ಬೀಜ ಬಿಟ್ಟುಕೊಟ್ಟು ಬಂದುಬಿಡಲಿ."

ಅಕ್ಕೋರು ಗುಂಡುಸೂಜಿ ತೆಗೆಯುವ ಮೊದಲೇ ಮರಿಯಾ ಎದ್ದು ನಿಂತಿದ್ದಳು.

"ಬರ್ತೇನ್ರಿ ಸರ್. ಆದ್ರ ಒಂದಿನಕ್ಕ ಬರೂದಿಲ್ರಿ. ಕೃಷಿ ತರಗತ್ಯಾಗ ನಮ್ಮ ಹೆಸರು ಹಚ್ಚಿದ್ರ ಬರ್ತೇನಿ."

ಮಾಸ್ತರರು ಕಕ್ಕಾಬಿಕ್ಕಿಯಾದರು. "ಹೆಸರು ಯಾಕಮ್ಮ? ಸ್ವಲ್ಪ ಸಹಾಯ ಅಷ್ಟೇ ಅಲ್ಲವಾ?"

"ನಮ್ಮವ್ವನೂ ಊರ ಹೊಲಕ್ಕೆಲ್ಲಾ ಬೀಜ ಬಿಡ್ತಾಳ್ರಿ ಸರ್. ಬೆಳಿ ಬಂದ ಮ್ಯಾಲ ರೈತ ಅಂತ ಹೆಸರು ಆಗೂದು ಎತ್ತು ಹೊಡದಾವಂದು. ಸಾಲ್ಯಾಗೂ ಹಂಗ ಆಗೂದಾದ್ರ ನಾ ಗುಂಡೀನ ಹಚ್ಕೊಂತ ಕೂಡ್ತೇನಿ."

ಹೇಳಿ ಕೂತುಬಿಟ್ಟಳು. ನನಗೆ ಅವಳ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ, ಗುಂಡಿಯ ಬದಲು ನನ್ನ ಬೆರಳಿಗೇ ಸೂಜಿ ಹಾಕಿಕೊಂಡೆ.

ಮಾಸ್ತರರು ನೇರವಾಗಿ ಮರಿಯಾಳ ಊರಿಗೇ ಹೋಗಿ ಅವಳ ಅವ್ವನನ್ನು ಕಂಡರಂತೆ. ಆ ತಾಯಿ ಕೌದಿ ಹೊಲಿಯುತ್ತ ಕೂತಿದ್ದಳಂತೆ. ಕೂಲಿ ಕೊಟ್ಟು ಕರೆಯುವ ಹಾಗಿಲ್ಲ ಎಂಬುದು ಗೌಡರ ಷರತ್ತು. ಕೊನೆಗೆ ಮಾಸ್ತರರು, ಮಗಳಿಗೆ ನೀನಾದರೂ ಬುದ್ಧಿ ಹೇಳು ಎಂದರಂತೆ. ಆಕೆ ಸೂಜಿಯಿಂದ ಕಣ್ಣೆತ್ತದೆ, "ನನ್ನ ಬುದ್ಧಿನ ಅಕಿಗೆ ಬಂದೈತ್ರಿ ಸರ್" ಎಂದಳಂತೆ. ಇದನ್ನು ಮಾಸ್ತರರೇ ನಮಗೆ ನಗುನಗುತ್ತ ಹೇಳಿದ್ದು. ಅವರು ನಕ್ಕಾಗಲೇ ನಮ್ಮ ಕಡೆ ಅರ್ಧ ವಾಲಿದ್ದಾರೆ ಎಂದು ನನಗೆ ಅನಿಸಿತ್ತು.

ಉಳಿದರ್ಧ ಹೆಡ್‌ಮಾಸ್ತರರ ಕೋಣೆಯಲ್ಲಿತ್ತು. ಹೆಡ್‌ಮಾಸ್ತರರಿಗೆ ಹೊಸದು ಯಾವುದೂ ಹಿಡಿಸುತ್ತಿರಲಿಲ್ಲ. ಶಾಲೆಯ ಗಂಟೆ ಒಡೆದುಹೋಗಿ ವರ್ಷವಾದರೂ ಅದರ ತುಂಡನ್ನೇ ಬಾರಿಸಿಕೊಂಡು ಬಂದವರು. ಹೆಗಡೆ ಮಾಸ್ತರರು ಶಾಂತಾ ಅಕ್ಕೋರನ್ನೂ ನಮ್ಮನ್ನೂ ಅಲ್ಲಿಗೆ ಕರೆದೊಯ್ದರು. ಮರಿಯಾ ಮುಂದೆ, ಅವಳ ಜಡೆಯ ಹಿಂದೆ ಅಡಗಿಕೊಂಡು ನಾನು.

"ಹೆಣ್ಣುಮಕ್ಕಳಿಗೆ ಹೊಲಿಗಿ, ಗಂಡುಹುಡುಗರಿಗೆ ಒಕ್ಕಲುತನ. ಮೊದಲಿಂದ ನಡಕೊಂಡು ಬಂದದ್ದು," ಎಂದರು ಹೆಡ್‌ಮಾಸ್ತರರು.

"ನಮ್ಮವ್ವ ಕೌದೀನೂ ಹೊಲೀತಾಳ್ರಿ ಸರ್, ಬೀಜಾನೂ ಬಿಡ್ತಾಳ್ರಿ. ಎರಡಕ್ಕೂ ಅವ ಎರಡ ಕೈ ಅದಾವ್ರಿ," ಎಂದಳು ಮರಿಯಾ.

ಹೆಡ್‌ಮಾಸ್ತರರು ಶಾಂತಾ ಅಕ್ಕೋರ ಕಡೆ ನೋಡಿದರು, ಇವರಾದರೂ ಬೇಡ ಎನ್ನಲಿ ಎಂಬ ಆಸೆಯಿಂದ. ನಮಗೂ ಅಕ್ಕೋರದ್ದೇ ಭಯ. ಹುಡುಗಿಯರೆಲ್ಲ ಹೊಲಕ್ಕೆ ಹೋದರೆ ಅವರ ತರಗತಿಯೇ ಖಾಲಿ. ಅಕ್ಕೋರು ಬಹಳ ಹೊತ್ತು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನನ್ನ ಹುಡುಗ್ಯಾರನ್ನ ನಾ ಬಿಟ್ಟುಕೊಡೂದಿಲ್ಲ," ಎಂದರು ಕೊನೆಗೆ. ನಾನು ಮರಿಯಾಳ ಜಡೆಯನ್ನೇ ಹಿಡಿದುಕೊಂಡೆ. "ಎರಡೂ ಕಲೀತಾವ. ಸೀರಿ ಅಲ್ಲ, ಪರಕಾರ ಉಟ್ಟಾವ, ಬೀಜ ಕಟ್ಟಿಕೊಳ್ಳಾಕ ಉಡಿ ಎಲ್ಲೈತಿ ಇವಕ್ಕ? ಮೊದಲ ನನ್ನ ಹತ್ರ ಬೀಜದ ಚೀಲ ಹೊಲೀಲಿ. ಅದ ಈ ತಿಂಗಳ ನನ್ನ ಪಾಠ."

ಹೆಡ್‌ಮಾಸ್ತರರು ಎಲ್ಲ ದಾರಿಯೂ ಮುಚ್ಚಿದ ಮೇಲೆ ಹೇಳುವ ಮಾತು ಹೇಳಿದರು. "ಮೊದಲ ಬೆಳಿ ಹುಟ್ಲಿ, ಆಮ್ಯಾಲ ನೋಡೂಣು."

ಹೊರಗೆ ಬಂದ ಮೇಲೆ ಮರಿಯಾ ಹೇಳಿದಳು, "ನೋಡೂಣು ಅಂದ್ರ ನೋಡ್ಲಿ. ಕಣ್ಣು ತುಂಬ ನೋಡೂವಂಗ ಬಿತ್ತೂಣು."

ಇನ್ನು ನನ್ನ ಕಥೆ. ಅಂಚೆ ನೌಕರನ ಮಗಳಾದ ನನಗೆ ಭತ್ತ ಎಂದರೆ ಅಕ್ಕಿಯ ಅಂಗಿ, ಅಷ್ಟೇ. ಆದರೂ ಮರಿಯಾ ಹೋದಲ್ಲಿ ನಾನು ಹೋಗದೆ ಇರುವುದುಂಟೇ? ಹೊಲಿಗೆ ಕೋಣೆಯ ಹಿಂದೆ ಮರಳಿನ ಗುಡ್ಡೆ ಇತ್ತು. ಅಲ್ಲಿ ನನ್ನ ಮುಷ್ಟಿಗೆ ಮರಳು ತುಂಬಿ ಅವಳು ಪಾಠ ಶುರು ಮಾಡಿದಳು. ಹೆಬ್ಬೆರಳು ಮೆಲ್ಲಗೆ ನೂಕುತ್ತಿರಬೇಕು, ಕಿರುಬೆರಳ ಬದಿಯಿಂದ ಕಾಳು ಇಳಿಯಬೇಕು, ಮಣಿಕಟ್ಟು ಬಟ್ಟಲಿನ ಸುತ್ತ ತಿರುಗುತ್ತಲೇ ಇರಬೇಕು, ಕಾಲು ಎತ್ತಿನ ಜೊತೆ ನಡೆಯಬೇಕು. ಕೈ ನೋಡಿದರೆ ಕಾಲು ತಪ್ಪುತ್ತಿತ್ತು, ಕಾಲು ನೋಡಿದರೆ ಮರಳೆಲ್ಲ ಒಮ್ಮೆಗೇ ಸುರಿದುಹೋಗುತ್ತಿತ್ತು.

"ಬಿಗಿ ಹಿಡಿಬ್ಯಾಡ, ಸಡ್ಲೂ ಬಿಡಬ್ಯಾಡ," ಎನ್ನುತ್ತಿದ್ದಳು ಮರಿಯಾ. "ಕೈಯಾಗ ಗುಬ್ಬಿಮರಿ ಐತಿ ಅಂತ ತಿಳಕೊ. ಸಾಯಲೂ ಬಾರದು, ಹಾರಲೂ ಬಾರದು."

ನನ್ನ ಕೈಯಲ್ಲಿ ಎಷ್ಟು ಗುಬ್ಬಿಮರಿಗಳು ಸತ್ತವೋ, ಎಷ್ಟು ಹಾರಿಹೋದವೋ ದೇವರಿಗೇ ಗೊತ್ತು. ಆದರೆ ಒಂದು ಮಧ್ಯಾಹ್ನ ಮರಳು ನೂಲಿನ ಹಾಗೆ ಇಳಿಯತೊಡಗಿತು. ಮರಿಯಾ ಇನ್ನೊಂದು ಹಿಡಿ ತುಂಬಿಕೊಟ್ಟಳು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಆಮೇಲೂ ಯಾರೂ ಕೊಡಲಿಲ್ಲ.

ಬಿತ್ತುವ ದಿನ ಬಂತು. ಗೌಡರ ಮನೆಯ ಎತ್ತುಗಳು, ಹುಡುಗರ ಕೈಯಲ್ಲಿ ಕೂರಿಗೆ, ಹಿಂದೆ ನಾವು ಹುಡುಗಿಯರು ಸರದಿಯ ಮೇಲೆ. ಸೊಂಟಕ್ಕೆ ಅಕ್ಕೋರು ಹೊಲಿಸಿದ ಚೀಲಗಳು, ಒಂದೊಂದರ ಅಂಚಿಗೆ ಅವರ ಹಟಕ್ಕೆ ಹಾಕಿದ ಕೆಂಪು ದಾರದ ಹೂವು. ಮೊದಲು ನಕ್ಕ ಹುಡುಗರು ಮರಿಯಾ ಒಂದು ಸಾಲು ಮುಗಿಸುವ ಹೊತ್ತಿಗೆ ಸುಮ್ಮನಾದರು. ಅವಳು ನಡೆದರೆ ಬಟ್ಟಲಲ್ಲಿ ಸಣ್ಣ ಮಳೆಯ ಸದ್ದು ಕೇಳುತ್ತಿತ್ತು. ನನಗೆ ಬೇಲಿಯ ಬದಿಯ ಸಾಲು ಕೊಟ್ಟರು. ಯಾಕೆ ಅಲ್ಲಿ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಿತ್ತಿ ಮುಗಿದ ಮೇಲೆ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಹೊಡೆಯಿತು. ಹೊಡೆಯಿತು ಎಂದರೆ ಹೊಡೆದೇಬಿಟ್ಟಿತು. ಅದರ ಹಿಂದೆಯೇ ಸುಡುಬಿಸಿಲು. ಮೇಲ್ಮಣ್ಣು ಹೆಪ್ಪುಗಟ್ಟಿ ರೊಟ್ಟಿಯ ಹಾಗೆ ಗಟ್ಟಿಯಾಯಿತು. ಕೆಳಗಿನ ಮೊಳಕೆಗೆ ತಲೆ ಎತ್ತಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಹೋಗಿ ನೋಡಿದರೆ ಬರೀ ಮಣ್ಣು. ಬಸನಗೌಡರು ದಿನಾ ಬರುತ್ತಿದ್ದರು, ಕೊಡೆ ಊರಿ ನಿಲ್ಲುತ್ತಿದ್ದರು, ಹೋಗುತ್ತಿದ್ದರು.

ಮರಿಯಾ ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಬದುವಿನ ಮೇಲೆ ಮೊಣಕಾಲು ತಬ್ಬಿ ಕೂತು ಹೇಳಿದಳು, "ಹುಟ್ಟಲಿಲ್ಲಂದ್ರ ಹೊಲಾನೂ ಹೋತು, ಧಾರವಾಡಾನೂ ಹೋತು. ಅವ್ವ ಏನೂ ಅನ್ನಂಗಿಲ್ಲ. ಮುಂದಿನ ವರ್ಷ ನನ್ನೂ ಕರಕೊಂಡು ಕೂಲಿಗೆ ಹೋಗ್ತಾಳ, ಅಷ್ಟ."

ನಾನು ಸುಮ್ಮನೆ ಪಕ್ಕದಲ್ಲಿ ಕೂತೆ, ಅದೊಂದೇ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ. ಅವಳು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಹೆಪ್ಪನ್ನು ಮೆಲ್ಲಗೆ ಎಬ್ಬಿಸಿದಳು. ಕೆಳಗೆ ಬಿಳಿಯ ಮೊಳಕೆ ಬಗ್ಗಿಕೊಂಡು ಬಿದ್ದಿತ್ತು, ಸತ್ತಿರಲಿಲ್ಲ. ಮರಿಯಾ ಎದ್ದು ಓಡಿದಳು. ಅವಳು ಹೆಗಡೆ ಮಾಸ್ತರರನ್ನು ಕರೆತರುವ ಹೊತ್ತಿಗೆ ನಾನು ಅದೇ ಮೊಳಕೆಗೆ ನನ್ನ ಜಡೆಯ ನೆರಳು ಹಿಡಿದು ಕೂತಿದ್ದೆ, ಒಣಗದಿರಲಿ ಎಂದು.

ಎತ್ತು ಇಳಿಸಿದರೆ ತುಳಿತಕ್ಕೆ ಮೊಳಕೆ ಸಾಯುತ್ತದೆ. ಹಗುರವಾಗಿ ಜಾಲಿಮುಳ್ಳಿನ ಟೊಂಗೆ ಎಳೆದರೆ ಹೆಪ್ಪು ಒಡೆಯುತ್ತದೆ ಎಂದಳು ಮರಿಯಾ. ಮಾಸ್ತರರು ಒಂದು ಕ್ಷಣವೂ ತಡ ಮಾಡಲಿಲ್ಲ. ಹುಡುಗರು ಟೊಂಗೆ ಕಡಿದು ತಂದರು, ಹಗ್ಗ ಕಟ್ಟಿ ತಾವೇ ಎಳೆದರು. ನಾವು ಮುಂದೆ ಮುಂದೆ ಸಾಲು ತೋರಿಸುತ್ತ ನಡೆದೆವು. ಬಸ್ಸಿನ ಜನ ಈ ಸಲವೂ ನಕ್ಕರು, ಎತ್ತಿನ ಬದಲು ಹುಡುಗರನ್ನು ಹೂಡಿದ್ದಾರಲ್ಲ ಎಂದು. ಹುಡುಗರೇ ಕೂಗಿ ಹೇಳಿದರು, "ನಗ್ರಿ ನಗ್ರಿ, ಬೆಳಿ ಬಂದಾಗ ಹೊಟ್ಟಿ ಉರಕೊಳ್ಳೋರಂತ್ರಿ!" ಆ ದಿನ ಸಂಜೆ ನಮ್ಮೆಲ್ಲರ ಕಾಲಲ್ಲೂ ಮುಳ್ಳು. ಶಾಂತಾ ಅಕ್ಕೋರು ಕೂಡಿಸಿಕೊಂಡು ಹೊಲಿಗೆಯ ಸೂಜಿಯಿಂದಲೇ ಒಂದೊಂದಾಗಿ ತೆಗೆದರು.

ಬೆಳೆ ಹುಟ್ಟಿತು. ಸಾಲು ಸಾಲಾಗಿ, ತಾಯಿ ಬಾಚಿದ ತಲೆಯ ಹಾಗೆ ಹುಟ್ಟಿತು. ಬೇಲಿಯ ಬದಿಯ ಒಂದು ಸಾಲು ಮಾತ್ರ ಅಲ್ಲಲ್ಲಿ ಗುಂಪುಗೂಡಿತ್ತು. ಅದನ್ನು ನೋಡಿ ಮರಿಯಾ, "ನಿನ್ನ ಭತ್ತ ಸೋಮವಾರದ ಸಂತಿಗೆ ಬಂದಂಗ ನಿಂತೈತಿ ನೋಡು" ಎಂದಳು. ನಾನು ಯಾಕೆ ಸುಳ್ಳು ಹೇಳಲಿ, ಆ ಗುಂಪನ್ನು ನೋಡಿಯೂ ನನಗೆ ಹೆಮ್ಮೆಯೇ ಆಗಿತ್ತು.

ಬಸನಗೌಡರು ಆ ಬೆಳಿಗ್ಗೆ ಬದುವಿನ ಮೇಲೆ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದರು. ಸಾಲಿನ ಪಕ್ಕದಲ್ಲಿ ಆ ತುದಿಯವರೆಗೂ ನಡೆದು ತಿರುಗಿ ಬಂದರು. ಹೆಡ್‌ಮಾಸ್ತರರು ಸುದ್ದಿ ತಿಳಿದು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದಿದ್ದರು.

"ಯಾರ ಕೈ ಇದು?" ಎಂದು ಕೇಳಿದರು ಗೌಡರು.

"ನಮ್ಮ ಕೃಷಿ ತರಗತಿಯ ಮಕ್ಕಳದ್ದ್ರಿ ಗೌಡ್ರ," ಎಂದರು ಹೆಡ್‌ಮಾಸ್ತರರು, ಉಬ್ಬಿಹೋಗಿ. "ನಿಮ್ಮ ಕರಾರಿನಂಗ ಕೂಲಿ ಆಳು ಒಬ್ರನ್ನೂ ಹಚ್ಚಿಲ್ರಿ. ಎಲ್ಲಾ ಕೃಷಿ ತರಗತಿಯ ಮಕ್ಕಳ!"

ಮರಿಯಾ ನನ್ನ ಕೈ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಸೊಂಟದಲ್ಲಿ ಕೆಂಪು ಹೂವಿನ ಚೀಲ ಇನ್ನೂ ಇತ್ತು.

"ಹಂಗಾರ ನಾವು ಕೃಷಿ ತರಗತಿಯವರ ಹೌದಲ್ರಿ ಸರ್?"

ಹೆಡ್‌ಮಾಸ್ತರರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಅಲ್ಲ ಎಂದರೆ ಹೊಲ ಬಿತ್ತಿದವರು ಹೊರಗಿನವರು ಎಂದಾಗುತ್ತದೆ, ಗೌಡರ ಷರತ್ತು ಮುರಿಯುತ್ತದೆ. ಹೌದು ಎಂದರೆ ಮೊದಲಿಂದ ನಡೆದುಕೊಂಡು ಬಂದದ್ದು ಮುರಿಯುತ್ತದೆ. ಗೌಡರು ಒಮ್ಮೆ ಮರಿಯಾಳನ್ನು, ಒಮ್ಮೆ ಹೆಡ್‌ಮಾಸ್ತರರನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು ಎಂದು ಕಾಣುತ್ತದೆ. ಮೀಸೆಯ ಒಳಗೇ ನಗುತ್ತ, "ಹೇಳ್ರಿ ಸರ್, ಹುಡುಗಿ ಕೇಳಾಕತ್ತೈತಿ" ಎಂದರು.

"ಹೌದು," ಎಂದರು ಹೆಡ್‌ಮಾಸ್ತರರು. ಅಷ್ಟು ಚಿಕ್ಕ ಮಾತನ್ನು ಹೇಳಲು ಒಬ್ಬ ಮನುಷ್ಯ ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ, ಮದುವೆಗೆ ಹೆಣ್ಣು ನೋಡಲು ಬಂದ ನಮ್ಮ ಮನೆಯವರನ್ನು ಬಿಟ್ಟರೆ.

ಆಮೇಲೆ ನಮ್ಮ ಶಾಲೆಯಲ್ಲಿ ಹುಡುಗಿಯರು ಕೃಷಿ ಕಲಿತರು, ಶಾಂತಾ ಅಕ್ಕೋರು ಸೇಡು ತೀರಿಸಿಕೊಳ್ಳುವವರ ಹಾಗೆ ಹುಡುಗರ ಕೈಗೆ ದಬ್ಬಳ ಕೊಟ್ಟು ಗೋಣಿಚೀಲ ಹೊಲಿಸಿದರು. ಅವರಲ್ಲಿ ಒಬ್ಬ ಮುಂದೆ ಮುಂಡಗೋಡ ಪೇಟೆಯಲ್ಲಿ ಟೇಲರನಾಗಿ ನನ್ನ ಮದುವೆಯ ಕುಪ್ಪಸ ಹೊಲಿದುಕೊಟ್ಟ. ಮರಿಯಾ ಧಾರವಾಡಕ್ಕೆ ಹೋದಳು, ಕಲಿತು ಬಂದಳು. ಹಳಿಯಾಳ, ಜೋಯಿಡಾ, ಮುಂಡಗೋಡದ ಹಳ್ಳಿಗಳನ್ನೆಲ್ಲ ಬಸ್ಸು ಹತ್ತಿ, ಬಸ್ಸು ಇಲ್ಲದಲ್ಲಿ ನಡೆದು ತಿರುಗಿದಳು. ಉಳವಿಯ ಆಚೆಗಿನ ಕಾಡೂರುಗಳಲ್ಲಿ ಗಡ್ಡೆಗೆಣಸು ಬೆಳೆಯುವ ಹುಡುಗಿಯರಿಗೆ ಸಂಘ ಕಟ್ಟಿಕೊಟ್ಟಳು. ಈಚೆಗೆ ಹಳಿಯಾಳದ ತರಬೇತಿ ಕೇಂದ್ರದಲ್ಲಿ ಹುಡುಗಿಯರು ಟ್ರ್ಯಾಕ್ಟರಿನ ಕೂರಿಗೆ ಹೊಡೆಯುವುದನ್ನು ನೋಡಲು ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಆ ಯಂತ್ರದಲ್ಲಿ ಬೀಜ ತಾನಾಗಿಯೇ ಸಮನಾಗಿ ಬೀಳುತ್ತದೆ, ಮುಷ್ಟಿಯ ಕೆಲಸವೇ ಇಲ್ಲ. ನನಗೆ ಸ್ವಲ್ಪ ಪಿಚ್ಚೆನಿಸಿ ಮರಿಯಾಳ ಮುಖ ನೋಡಿದೆ. ಅವಳಿಗೆ ಅದರ ಪರಿವೆಯೇ ಇರಲಿಲ್ಲ, ಚಾಲಕಿಯ ಸೀಟಿನ ಮೇಲೆ ಕೂತ ಹುಡುಗಿಯನ್ನೇ ನೋಡುತ್ತಿದ್ದಳು.

ಇದೆಲ್ಲ ಹೆಮ್ಮೆಯ ಸಂಗತಿಯೇ. ಈ ನಾಲ್ಕೂರಿನ ಹುಡುಗಿಯರ ಬಗ್ಗೆ ಯಾರಾದರೂ ಕೇಳಿದರೆ ನಾನು ಗಂಟೆಗಟ್ಟಲೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಆದರೆ ನನ್ನ ಕಣ್ಣಿಗೆ ಇವತ್ತಿಗೂ ಮೊದಲು ಬರುವುದು ಹೆಡ್‌ಮಾಸ್ತರರು ಹೌದು ಎಂದ ಮರುದಿನದ ಬೆಳಿಗ್ಗೆ. ಹೆಗಡೆ ಮಾಸ್ತರರು ತರಗತಿಯನ್ನು ಹೊಲದಲ್ಲೇ ಸೇರಿಸಿದ್ದರು. ಹುಡುಗರು ಬದುವಿನ ಮೇಲೆ ಸಾಲಾಗಿ, ನಾವು ಹುಡುಗಿಯರು ಬೇವಿನ ಮರದ ಕೆಳಗೆ, ಇನ್ನೂ ಅತಿಥಿಗಳ ಹಾಗೆ ಸ್ವಲ್ಪ ದೂರ. ಮಾಸ್ತರರು ಹಾಜರಿ ತೆಗೆದರು. ಹುಡುಗರ ಹೆಸರೆಲ್ಲ ಮುಗಿದವು. ಆಮೇಲೆ ಒಂದು ಕ್ಷಣ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಕರೆದರು:

"ಮರಿಯಾ."

"ಹಾಜರ್ ರೀ ಸರ್!"

ಹುಬ್ಬಳ್ಳಿ ಬಸ್ಸು ಹೋಗುತ್ತಿತ್ತು. ಅದರ ಸದ್ದನ್ನೂ ಮೀರಿ ಆ ದನಿ ಕೇಳಿತು. ಕಿಟಕಿಯಲ್ಲಿದ್ದವರು ತಿರುಗಿ ನೋಡಿದರು. ಹುಡುಗರು ಯಾರೂ ನಗಲಿಲ್ಲ.

"ಸುಮಂಗಲಾ," ಎಂದು ಕರೆದರು ಮಾಸ್ತರರು. ಅದು ನನ್ನ ಹೆಸರು. ಬೇಲಿಯ ಬದಿಯ ಸಾಲಿನವಳ ಹೆಸರನ್ನೂ ಬರೆದುಕೊಂಡಿರುತ್ತಾರೆ ಎಂದು ನಾನು ಎಣಿಸಿರಲೇ ಇಲ್ಲ. ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಕಣ್ಣಲ್ಲಿ ನೀರು ಬಂದು ಹೊಲವೆಲ್ಲ ಹಸಿರು ಹಸಿರಾಗಿ ಕಲಸಿಹೋಯಿತು.

"ಸುಮಂಗಲಾ?" ಮಾಸ್ತರರು ಇನ್ನೊಮ್ಮೆ ಕರೆದು ತಲೆ ಎತ್ತಿದರು.

ಮರಿಯಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆತ್ತಿದಳು.

"ಅಕಿನೂ ಅದಾಳ್ರಿ ಸರ್," ಎಂದಳು. "ಬರಕೊಳ್ರಿ."